ಮೋಟರ್ ನಡುನೀರಲ್ಲಿ ನಿಂತರೆ

ಪ್ರಶ್ನೆ: ಮುನಿರಾಬಾದ್ ಹತ್ತಿರ ತುಂಗಭದ್ರಾ ಹಿನ್ನೀರಲ್ಲಿ ಮೀನು ಹಿಡಿಯುತ್ತೇವೆ. ದೋಣಿಯ ಮೋಟರ್ ಚೆನ್ನಾಗಿ ಸ್ಟಾರ್ಟ್ ಆಗಿ, ಸ್ವಲ್ಪ ದೂರ ಹೋಗಿ ಬಂದ್ ಬೀಳುತ್ತದೆ. ಕಾರ್ಬೊರೇಟರ್ ಬಿಚ್ಚಿಸಬೇಕಾ?
– ಓದುಗರು, ಕೊಪ್ಪಳ ಜಿಲ್ಲೆ

ಉತ್ತರ: ಈಗಲೇ ಬೇಡ, ಸುಮ್ನೆ ದುಡ್ಡು ದಂಡ. ಪೆಟ್ರೋಲ್ ಪೈಪಿನ ನಡುವೆ ಕೈಯಲ್ಲಿ ಒತ್ತುವ ರಬ್ಬರ್ ಬಲ್ಬ್ ಇದೆ ಅಲ್ವಾ, ಮೋಟರ್ ಸೊರಗುವಾಗ ಅದನ್ನು ಮುಟ್ಟಿ ನೋಡಿ. ಚಪ್ಪಟೆಯಾಗಿದ್ದರೆ ಟ್ಯಾಂಕಿನ ಕಡೆಯೇ ತೊಂದರೆ: ಮುಚ್ಚಳದ ಗಾಳಿ ತಿರುಪು ಬಿಗಿಯಾಗಿದ್ದರೆ ಒಳಗೆ ಗಾಳಿ ಹೋಗುವುದಿಲ್ಲ, ಗಾಳಿ ಹೋಗದೆ ಪೆಟ್ರೋಲ್ ಹೊರಗೆ ಬರುವುದಿಲ್ಲ. ತಿರುಪು ಸಡಿಲಿಸಿದರೂ ಹಾಗೇ ಇದ್ದರೆ ಒಳಗಿನ ಜಾಲರಿಯಲ್ಲಿ ಕಸ ಕಟ್ಟಿರಬಹುದು. ಎಷ್ಟು ಒತ್ತಿದರೂ ಬಲ್ಬ್ ಗಟ್ಟಿಯಾಗುತ್ತಿಲ್ಲವೇ? ಪೈಪು ಎಲ್ಲೋ ಗಾಳಿ ಎಳೆಯುತ್ತಿರಬಹುದು, ಕ್ಲಿಪ್ಪು, ಕನೆಕ್ಟರಿನ ರಬ್ಬರ್ ರಿಂಗ್ ನೋಡಿ. ಒತ್ತುತ್ತಾ ಇದ್ದರೆ ಮಾತ್ರ ಓಡುತ್ತದೆ ಅಂದರೆ ಮೋಟರಿಗೆ ಪೆಟ್ರೋಲ್ ಎಳೆಯುವ ಪಂಪಿನ ಡಯಾಫ್ರಾಮ್ (ಒಳಗಿನ ತೆಳು ಪೊರೆ) ಮೇಲೆ ನನಗೆ ಅನುಮಾನ. ಸರಿಯಾಗುವವರೆಗೆ ಹುಟ್ಟು, ಲೈಫ್ ಜಾಕೆಟ್ ಇಲ್ಲದೆ ದಡ ಬಿಡಬೇಡಿ.