ನಿವೇಶನಗಳ ನಕ್ಷೆ ಸಿದ್ಧವಾಗಿದೆ, ತೆರೆದ ಜಾಗಕ್ಕೆ ಶೇಕಡಾ ಎಷ್ಟು ಬಿಡಲಿ?

ಶೇಕಡಾ ಲೆಕ್ಕ ಆಮೇಲಿರಲಿ, ಮೊದಲು ಆ ನಕ್ಷೆಯನ್ನು ಬದಿಗಿಡಿ. ನಿವೇಶನ ಹಂಚಿ ಮುಗಿದ ಮೇಲೆ ಉಳಿಯುವುದು ತೆರೆದ ಜಾಗವಲ್ಲ, ಚೂರುಪಾರು.

ನಾನೂ ಹೀಗೆಯೇ ಹೊರಟವನು. ಕುಟುಂಬದ ಜಮೀನು. ಮೊದಲು ಮುಖ್ಯರಸ್ತೆ, ಅದಕ್ಕೆ ಅಡ್ಡರಸ್ತೆಗಳು, ನಡುವೆ ಒಂದೇ ಅಳತೆಯ ನಿವೇಶನಗಳು. ಮೂಲೆಗಳಲ್ಲಿ ಉಳಿದ ತ್ರಿಕೋನಗಳಿಗೆ ಹಸಿರು ಬಣ್ಣ ಬಳಿದಾಗ ನಿಯಮ ಕೇಳುವಷ್ಟು ವಿಸ್ತೀರ್ಣ ದೊರೆಯಿತು, ಮಂಜೂರಾತಿಯೂ ದೊರೆಯಿತು. ಜಮೀನಿನ ನಡುವೆ ಒಂದು ತಗ್ಗು ಹಾದುಹೋಗಿತ್ತು. ಬೇಸಿಗೆಯಲ್ಲಿ ಅದನ್ನು ಹಳ್ಳವೆಂದು ಯಾರೂ ಗುರುತಿಸಲಾರರು. ಅಲ್ಲಿ ಹುಲ್ಲು ತುಸು ದಟ್ಟ, ಕಾಲಿನಿಂದ ಕೆದಕಿದರೆ ನುಣುಪಾದ ಉರುಟು ಕಲ್ಲುಗಳು, ಅಷ್ಟೆ. ಅವು ನೀರಿನಲ್ಲಿ ಸವೆದ ಕಲ್ಲುಗಳೆಂದು ನನಗೆ ಹೊಳೆಯಲಿಲ್ಲ. ಸರ್ವೆ ನಕ್ಷೆಯಲ್ಲಿ ಗೆರೆ ಇಲ್ಲವೆಂದು ಮಣ್ಣು ತುಂಬಿಸಿ ಸಮತಟ್ಟು ಮಾಡಿ, ರಸ್ತೆಯಡಿ ಒಂದು ಕೊಳವೆ ಹಾಕಿಸಿದೆ.

ಜೋರು ಮಳೆಗೆ ಕೊಳವೆಯ ಬಾಯಿಗೆ ತರಗೆಲೆ ಕಟ್ಟಿಕೊಂಡಿತು. ನೀರು ರಸ್ತೆ ದಾಟಿ, ಹಳೆಯ ದಾರಿಯನ್ನೇ ಹಿಡಿದು ಮನೆಗಳಿಗೆ ನುಗ್ಗಿತು. ಆ ಸಾಲಿನ ನಿವೇಶನಗಳನ್ನು ನಾನೇ ಮರಳಿ ಕೊಂಡು, ತುಂಬಿಸಿದ ಮಣ್ಣನ್ನು ತೆಗೆಸಬೇಕಾಯಿತು.

ಕೊಳವೆ ಚಿಕ್ಕದಾಯಿತು ಎಂದು ಎಂಜಿನಿಯರ್ ಇಂದಿಗೂ ವಾದಿಸುತ್ತಾರೆ. ನಾನು ಒಪ್ಪುವುದಿಲ್ಲ. ದೊಡ್ಡ ಕೊಳವೆಯಾಗಿದ್ದರೆ ಅದೇ ನೀರು ಇನ್ನಷ್ಟು ರಭಸದಿಂದ ಕೆಳಗಿನವರ ಜಮೀನಿಗೆ ಬೀಳುತ್ತಿತ್ತು. ತಗ್ಗು ತಗ್ಗಾಗಿಯೇ ಇದ್ದಾಗ ನೀರು ಹರಡಿಕೊಂಡು, ನಿಧಾನಿಸಿ, ಇಂಗುತ್ತಿತ್ತು. ಚಾವಣಿ, ಡಾಂಬರು ಬಂದರೆ ಇಂಗುವ ನೆಲ ಕಡಿಮೆಯಾಗಿ ಹರಿಯುವ ನೀರು ಹೆಚ್ಚುತ್ತದೆ. ನೀರು ಹೆಚ್ಚುವ ಹೊತ್ತಿಗೇ ನಾನು ಅದರ ದಾರಿಯನ್ನು ಕಿರಿದು ಮಾಡಿದ್ದೆ. ಗೆರೆ ಎಳೆದ ಕ್ರಮವೇ ತಲೆಕೆಳಗು. ರಸ್ತೆ ಮೊದಲು ಬಂದುದರಿಂದ ಹಳ್ಳ ರಸ್ತೆಗೆ ಅಡ್ಡಿಯಾಯಿತು; ಹಳ್ಳ ಮೊದಲು ನಕ್ಷೆಗೆ ಬಂದಿದ್ದರೆ ರಸ್ತೆಯೇ ಬಳಸಿಕೊಂಡು ಹೋಗುತ್ತಿತ್ತು.

ಅಮೆರಿಕದ ಯೋಜಕ ರ್‍ಯಾಂಡಲ್ ಅರೆಂಟ್ ಹೇಳುವ ಕ್ರಮ ನೋಡಿ: ಮೊದಲು ಜೌಗು, ನೆರೆ ಬರುವ ಬಯಲು, ಕಡಿದಾದ ಇಳಿಜಾರು, ಹಳೆಯ ಮರಗಳ ಗುಂಪು ಇವನ್ನು ಗುರುತಿಸಬೇಕು. ಬಳಿಕ ಮನೆಗಳ ಜಾಗ, ಆಮೇಲೆ ರಸ್ತೆ ಮತ್ತು ಕಾಲುದಾರಿ. ನಿವೇಶನದ ಗಡಿ ಕಟ್ಟಕಡೆಗೆ. ಮನೆಗಳ ಸಂಖ್ಯೆ ಇಳಿಯಲೇಬೇಕೆಂದಿಲ್ಲ, ನಿವೇಶನಗಳು ಕಿರಿದಾಗುತ್ತವೆ. ಕ್ಯಾಲಿಫೋರ್ನಿಯದ ಡೇವಿಸ್‌ನಲ್ಲಿ 1970ರ ದಶಕದಲ್ಲಿ ಆರಂಭವಾದ ವಿಲೇಜ್ ಹೋಮ್ಸ್ ಎಂಬ ಬಡಾವಣೆಯಲ್ಲಿ ಮನೆಗಳ ನಡುವಿನ ತೆರೆದ ತಗ್ಗುಗಳೇ ಮಳೆನೀರನ್ನು ಒಯ್ಯುತ್ತವೆ.

ಮರ ಉಳಿಸುವುದಾದರೆ ಕಾಂಡವನ್ನಷ್ಟೇ ಉಳಿಸಬೇಡಿ. ಕೊಂಬೆಗಳ ಹರವಿನಿಂದಲೂ ಆಚೆಗೆ ಬೇಲಿ ಹಾಕಿ, ಬುಡಕ್ಕೆ ಮಣ್ಣು ಏರಿಸಬೇಡಿ. ಬೇರು ಉಸಿರುಕಟ್ಟಿ ಮರ ಕೆಲವು ವರ್ಷಗಳಲ್ಲಿ ಒಣಗುತ್ತದೆ.

ಉಳಿಸಿದ ಜಾಗವನ್ನು ಮುಂದೆ ಯಾರೂ ಮಾರದಂತೆ, ಅಲ್ಲಿ ಕಟ್ಟದಂತೆ ನೋಂದಾಯಿತ ಕರಾರು ಮಾಡಿಸಿ. ನಿರ್ವಹಣೆಯ ವೆಚ್ಚ ಯಾರದೆಂಬುದನ್ನೂ ಮೊದಲ ನಿವೇಶನ ಮಾರುವ ಮುನ್ನವೇ ಅದರಲ್ಲಿ ಬರೆಸಿ. ಮಾರಿದ ಮೇಲೆ ಎಲ್ಲರ ಸಹಿ ಹಾಕಿಸುವಷ್ಟರಲ್ಲಿ ನಿಮಗೆ ಸಾಕುಸಾಕಾಗುತ್ತದೆ.