ಅಳಿವೆ, ಹಾಯಿ, ಚುಕ್ಕಾಣಿ: ಕಾಸರಗೋಡಿನ ಕಡಲಕರೆಯ ಮಾತುಗಳು

ನಮ್ಮ ಕಡಲಕರೆಯ ಹಳೆಯ ಪದಗಳ ಅರ್ಥವೇನು, ಅವು ಕನ್ನಡವೇ ಮಲಯಾಳವೇ ಎಂದು ತಾವು ಕೇಳಿದ್ದೀರಿ. ಎರಡನೆಯ ಪ್ರಶ್ನೆಗೆ ಒಂದೇ ಮಾತಿನ ಉತ್ತರವಿಲ್ಲ. 1956ರ ನವೆಂಬರ್ 1ರಂದು ಕೇರಳಕ್ಕೆ ಸೇರುವವರೆಗೆ ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕಾಗಿತ್ತು. ಮಂಜೇಶ್ವರದಿಂದ ಚಂದ್ರಗಿರಿ ಹೊಳೆಯವರೆಗಿನ ಕರೆಯಲ್ಲಿ ತುಳು, ಕನ್ನಡ, ಮಲಯಾಳ, ಕೊಂಕಣಿ, ಬ್ಯಾರಿ ಆಡುವವರೆಲ್ಲ ಅಕ್ಕಪಕ್ಕದಲ್ಲೇ ಬಾಳಿದವರು. ಆದ್ದರಿಂದ ಇಲ್ಲಿಯ ಪದಗಳನ್ನು ರಾಜ್ಯದ ಗಡಿ ನೋಡಿ ವಿಂಗಡಿಸುವುದಕ್ಕಿಂತ, ಅವು ಬಂದ ದಾರಿ ನೋಡಿ ವಿಂಗಡಿಸುವುದೇ ಸರಿ ಎಂದು ನಾನು ನಂಬಿದ್ದೇನೆ.

ಮೊದಲು ಅಳಿವೆಯನ್ನು ತೆಗೆದುಕೊಳ್ಳಿ. ಹೊಳೆ ಕಡಲನ್ನು ಸೇರುವ ಬಾಯಿಗೆ ಈ ಹೆಸರು. ತುಳುವಿನಲ್ಲಿ ಇದು ಅಳುವೆ, ಮಲಯಾಳದಲ್ಲಿ ಅಳಿ ಅಥವಾ ಅಳಿಮುಖ. ಮಲಯಾಳದವರ ಬಾಯಲ್ಲಿ ಇಲ್ಲಿಯ ಳಕಾರ ಹಳಗನ್ನಡದ ೞಕಾರವಾಗಿಯೇ ಉಳಿದಿದೆ. ನಿಘಂಟು ‘ನದೀಮುಖ’ ಎಂದು ಬರೆದು ಮುಗಿಸಬಹುದು, ಆದರೆ ಮೀನುಗಾರರ ಪಾಲಿಗೆ ಅಳಿವೆಯೆಂದರೆ ವರ್ಷವಿಡೀ ಒಂದೇ ಕಡೆ ನಿಲ್ಲದ ಬಾಗಿಲು. ಮಳೆಗಾಲ ಮುಗಿದು ಹೊಳೆಯ ಸೆಳೆತ ಕುಗ್ಗಿದಂತೆ ತೆರೆಗಳು ಮರಳನ್ನು ತಂದು ಬಾಯಿಗೆ ಅಡ್ಡಲಾಗಿ ದಿಬ್ಬ ಕಟ್ಟುತ್ತವೆ. ಸಣ್ಣ ಹೊಳೆಗಳಲ್ಲಿ ಬೇಸಿಗೆಯ ಹೊತ್ತಿಗೆ ಬಾಯಿ ಕಿರಿದಾಗುತ್ತದೆ, ಕೆಲವೊಮ್ಮೆ ಮುಚ್ಚಿಯೇ ಹೋಗುತ್ತದೆ. ಮುಂಗಾರಿನ ನೆರೆ ಬಂದಾಗ ಹೊಳೆ ಆ ದಿಬ್ಬವನ್ನು ಕಡಿದುಕೊಂಡು ಹೊರಬೀಳುತ್ತದೆ, ಆದರೆ ಹೋದ ವರ್ಷ ಕಡಿದ ಜಾಗದಲ್ಲೇ ಕಡಿಯಬೇಕೆಂದೇನೂ ಇಲ್ಲ. ಮುಳುಗಿರುವ ದಿಬ್ಬದ ಮೇಲೆ ನೀರು ಆಳವಿಲ್ಲದ್ದರಿಂದ ತೆರೆ ಅಲ್ಲಿಯೇ ಮುರಿದು ಬೀಳುತ್ತದೆ. ಹಾಗಾಗಿ ದೋಣಿಯವರು ಅಳಿವೆಯ ಒಳಮಗ್ಗುಲಲ್ಲಿ ತಡೆದು ನಿಂತು, ದೊಡ್ಡ ತೆರೆಗಳ ಸಾಲು ಕಳೆಯುವುದನ್ನು ಕಾದು, ನೀರು ತುಸು ಸಮವಾದ ಕೂಡಲೇ ದೋಣಿಯ ಮೂತಿಯನ್ನು ನೇರವಾಗಿ ತೆರೆಗೆ ಕೊಟ್ಟು ಹೊರಡುತ್ತಾರೆ. ಆ ಹೊತ್ತಿನಲ್ಲಿ ದೋಣಿ ಅಡ್ಡ ತಿರುಗಿದರೆ ಮಗುಚುತ್ತದೆ. ‘ಅಳಿವೆ ಸರಿಯಿಲ್ಲ’ ಎಂದು ಹಿರಿಯರೊಬ್ಬರು ಹೇಳಿದರೆ ಮರುಮಾತಿಲ್ಲದೆ ದೋಣಿ ಹಿಂದಿರುಗುವುದು ಇದೇ ಕಾರಣಕ್ಕೆ.

ನೀರು ಮತ್ತು ದೋಣಿಗೆ ಸಂಬಂಧಿಸಿದ ಇಂತಹ ಮೂಲಪದಗಳಲ್ಲಿ ಬಹಳಷ್ಟು ನೆರೆಹೊರೆಯ ದ್ರಾವಿಡ ಭಾಷೆಗಳಿಗೆ ಸಮಾನವಾದವು. ಹಳಗನ್ನಡದ ಪಕಾರ ನಮ್ಮಲ್ಲಿ ಹಕಾರವಾಯಿತು, ಮಲಯಾಳದಲ್ಲಿ ಹಾಗೆಯೇ ನಿಂತಿತು. ಇಷ್ಟು ತಿಳಿದಿದ್ದರೆ ಅವರ ಪುಳ ನಮ್ಮ ಹೊಳೆಯೆಂದೂ ಅವರ ಪಾಯ ನಮ್ಮ ಹಾಯಿಯೆಂದೂ ಗೊತ್ತಾಗುತ್ತದೆ. ಪಾಯ ಎಂದರೆ ಅವರಿಗೆ ಚಾಪೆಯೂ ಹೌದು, ಏಕೆಂದರೆ ಚಾಪೆಯಂತೆ ಹೆಣೆದ ಹಾಯಿಗಳು ಒಂದು ಕಾಲದಲ್ಲಿ ಈ ಕರಾವಳಿಯಲ್ಲಿದ್ದವು. ನಮ್ಮ ಹಡಗು ಮೊದಲು ಪಡಗು. ತಮಿಳಿನ ಪಡಗು ಸಣ್ಣ ದೋಣಿಯಾಗಿ ಉಳಿದರೆ ಕನ್ನಡದಲ್ಲಿ ಅದು ದೊಡ್ಡ ನೌಕೆಯಾಗಿ ಬೆಳೆಯಿತು. ಮರದಿಂದ ಕಟ್ಟಿದ ನಾವೆಗೆ ಮರಕಲ ಎಂಬ ಹೆಸರಿತ್ತು. ಮೀನುಗಾರ ಸಮುದಾಯದವರಾದ ಮೊಗವೀರರನ್ನು ಮರಕಾಲರೆಂದು ಕರೆಯುವುದನ್ನೂ ಮಲಬಾರಿನ ಕಡಲ ನಾಯಕರ ಮರಕ್ಕಾರ್ ಎಂಬ ಬಿರುದನ್ನೂ ಕೇಳಿದಾಗ ನನಗೆ ಮೊದಲು ನೆನಪಾಗುವುದು ಈ ಪದವೇ.

ನೌಕೆಯನ್ನು ನಡೆಸುವ ಮತ್ತು ನಿಲ್ಲಿಸುವ ಸಾಧನಗಳ ಹೆಸರುಗಳದು ಬೇರೆಯೇ ದಾರಿ. ಬಂದರು, ಲಂಗರು ಪಾರಸಿಯಿಂದ ಬಂದವು. ಚುಕ್ಕಾಣಿಯ ಮೂಲ ಅರಬ್ಬಿಯ ಸುಕ್ಕಾನ್. ಮಲಯಾಳದಲ್ಲಿ ಇವೇ ನಂಗೂರವಾಗಿ, ಚುಕ್ಕಾನ್ ಆಗಿ ಬಳಕೆಯಲ್ಲಿವೆ. ಮುಂಗಾರಿನ ಗಾಳಿ ಹಿಡಿದು ಬಂದು ಮೆಣಸು, ಅಕ್ಕಿ ಕೊಂಡೊಯ್ಯುತ್ತಿದ್ದ ವ್ಯಾಪಾರಿಗಳ ಜೊತೆ ಶತಮಾನಗಳ ಕಾಲ ಕೆಲಸ ಮಾಡಿದವರ ಬಾಯಲ್ಲಿ ಈ ಪದಗಳು ಪಳಗಿದವು. ನಖುದ ಎಂದರೆ ಪಾರಸಿಯಲ್ಲಿ ನಾವೆಯ ಒಡೆಯ. ಇಂದಿನ ಬೋಟುಗಳಲ್ಲಿ ನಖುದನಿಲ್ಲ; ಆದರೆ ಮಂಗಳೂರಿನ ದಕ್ಕೆಯಲ್ಲಿ, ಅಂದರೆ ಬೋಟುಗಳು ನಿಲ್ಲುವ ಕಟ್ಟೆಯಲ್ಲಿ, ಚಕ್ರ ಹಿಡಿದು ಬೋಟು ನಡೆಸುವವನು ತಂಡೇಲನಾದರೆ, ತೆಂಕಣಕ್ಕೆ ಹೋದಂತೆ ಅವನೇ ಸ್ರಾಂಕ್ ಆಗುತ್ತಾನೆ. ಇದರ ಕನ್ನಡ ರೂಪ ಸರಂಗ.

ರಂಪಣಿಯ ಬಗ್ಗೆಯೂ ಹೇಳಬೇಕು. ಮಂಗಳೂರಿನಿಂದ ಕಾರವಾರದವರೆಗೆ ಪ್ರಸಿದ್ಧವಾಗಿದ್ದ ಈ ಉದ್ದನೆಯ ಬಲೆಯನ್ನು ದೋಣಿಯಿಂದ ಅರ್ಧಚಂದ್ರಾಕಾರವಾಗಿ ಬಿಟ್ಟು, ಎರಡು ತುದಿಯ ಹಗ್ಗಗಳನ್ನು ಎರಡು ಗುಂಪು ಕರೆಯಲ್ಲಿ ನಿಂತು ಎಳೆಯುತ್ತಿತ್ತು. 1970ರ ದಶಕದಲ್ಲಿ, ಮೀನಿನ ಹಿಂಡನ್ನು ಕಡಲಲ್ಲೇ ಸುತ್ತುವರಿದು ಹಿಡಿಯುವ ಪರ್ಸೀನ್ ಬಲೆ ಬಂದ ಮೇಲೆ ಬಂಗುಡೆ, ಬೂತಾಯಿ ಮೀನುಗಳು ಕರೆಗೆ ಬರುವ ಮೊದಲೇ ಹಿಡಿಯಲ್ಪಟ್ಟವು. ಈಗ ಅದರ ಚಿಕ್ಕ ರೂಪವಾದ ಕೈರಂಪಣಿ ಮಾತ್ರ ಅಲ್ಲಲ್ಲಿ ಕಾಣುತ್ತದೆ. ಕೆಲಸ ನಿಂತರೆ ಅದರ ಮಾತುಗಳೂ ಬೇಗ ಮರೆಯಾಗುತ್ತವೆಂಬುದು ನನ್ನ ನಿಜವಾದ ಆತಂಕ.

ತಾವು ಪದಗಳನ್ನು ಸಂಗ್ರಹಿಸಲು ಬರುವುದಾದರೆ ಮಳೆಗಾಲದಲ್ಲೇ ಬನ್ನಿ. ಕರ್ನಾಟಕದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೆ, ಕೇರಳದಲ್ಲಿ ಜೂನ್ 9ರ ಮಧ್ಯರಾತ್ರಿಯಿಂದ ಜುಲೈ 31ರವರೆಗೆ 52 ದಿನ, ಬೋಟಿನ ಹಿಂದೆ ಬಲೆ ಎಳೆದು ಮೀನು ಹಿಡಿಯುವ ಟ್ರಾಲಿಂಗ್‌ಗೆ ನಿಷೇಧವಿರುತ್ತದೆ. ಬಲೆ ನೇಯುತ್ತಾ ಕುಳಿತ ಹಿರಿಯರಿಗೆ ಆಗ ಮಾತಿಗೆ ಬಿಡುವಿರುತ್ತದೆ, ಮತ್ತು ಬಲೆಯ ಒಂದೊಂದು ಭಾಗಕ್ಕೂ ಇರುವ ಹೆಸರನ್ನು ಅವರು ಅದನ್ನು ಕೈಯಲ್ಲಿ ಹಿಡಿದೇ ತೋರಿಸಬಲ್ಲರು.