ಎಲ್ಲವೂ ಅರ್ಜೆಂಟ್ ಆದಾಗ

(ಒಪ್ಪಿಗೆ ಪಡೆದು, ಗುರುತು ಸಿಗದಂತೆ ವಿವರ ಬದಲಿಸಿ ಬರೆದದ್ದು.)

ಮಂಗಳೂರಿನ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಪ್ರಾಡಕ್ಟ್ ಓನರ್ (ತಂಡ ಯಾವ ಕೆಲಸ ಮೊದಲು ಮಾಡಬೇಕೆಂದು ತೀರ್ಮಾನಿಸುವವರು) ಆಗಿರುವ, ಮೂವತ್ತೈದರ ಆಸುಪಾಸಿನ ಮಹಿಳೆ. ನಿದ್ದೆ ಬರುವುದಿಲ್ಲ, ಮಗನ ಮೇಲೆ ಸುಮ್ಮಸುಮ್ಮನೆ ರೇಗುತ್ತೇನೆ ಎಂದು ನನ್ನ ಬಳಿ ಆಪ್ತಸಮಾಲೋಚನೆಗೆ ಬಂದಿದ್ದರು. ಅವರ ತಂಡ ಸಹಕಾರಿ ಸಂಘಗಳಿಗೆ ಪಿಗ್ಮಿ ಸಂಗ್ರಹದ ಆ್ಯಪ್ ಮಾಡುತ್ತಿತ್ತು. ಬಜೆಟ್ ಕಡಿತವಾಗಿ ಆರು ಡೆವಲಪರ್‌ಗಳಲ್ಲಿ ನಾಲ್ವರು ಉಳಿದಿದ್ದರು. ಕೆಲಸದ ಪಟ್ಟಿಯಲ್ಲಿ ಒಂದು ಸಾಲೂ ಕಡಿಮೆಯಾಗಿರಲಿಲ್ಲ.

"ಯಾವುದನ್ನೂ ಬಿಡ್ಲಿಕ್ಕೆ ಆಗುದಿಲ್ಲ ಮೇಡಂ, ಎಲ್ಲವೂ ಅರ್ಜೆಂಟೇ" ಎನ್ನುತ್ತಾ ಲ್ಯಾಪ್‌ಟಾಪ್ ತೆರೆದು ಬ್ಯಾಕ್‌ಲಾಗ್, ಅಂದರೆ ಬಾಕಿ ಕೆಲಸಗಳ ಪಟ್ಟಿ, ತೋರಿಸಿದರು. ಆದ್ಯತೆಯ ಕಾಲಂನಲ್ಲಿ ಮೇಲಿಂದ ಕೆಳಗಿನವರೆಗೂ ‘ಹೈ’. ನೆಟ್‌ವರ್ಕ್ ಇಲ್ಲದ ಕಡೆಯೂ ರಶೀದಿ ಕೊಡುವ ಸೌಲಭ್ಯಕ್ಕೂ, ಆಡಳಿತ ಮಂಡಳಿಗೆ ತೋರಿಸುವ ಬಣ್ಣದ ಗ್ರಾಫ್‌ಗೂ ಒಂದೇ ಕೆಂಪು ಗುರುತು. 1928ರಲ್ಲಿ ಪಿಗ್ಮಿ ಹುಟ್ಟಿದ್ದೇ ಪಕ್ಕದ ಉಡುಪಿಯಲ್ಲಿ. ಅಂಗಡಿ ಅಂಗಡಿ ಸುತ್ತುವ ಕಲೆಕ್ಟರ್‌ಗೆ ಮೊದಲು ಯಾವುದು ಬೇಕೆಂದು ನಮ್ಮ ಕಡೆಯವರಿಗೆ ಹೇಳಿಕೊಡಬೇಕಾಗಿಲ್ಲ. ಇವರಿಗೂ ಗೊತ್ತಿತ್ತು. ಯಾರು ಏನು ಕೇಳಿದರೂ "ಆಯ್ತು, ನೋಡ್ತೇನೆ" ಅನ್ನುವುದು ರೂಢಿಯಾಗಿತ್ತು, ಅಷ್ಟೇ.

ಇದು ತನ್ನ ಅಸಾಮರ್ಥ್ಯ ಎಂದು ಅವರು ನಂಬಿದ್ದರು. ನಾನು ಒಪ್ಪಲಿಲ್ಲ. ಹಣ ಕಡಿಮೆ ಮಾಡಿದವರು ಯಾವ ಕೆಲಸ ಬಿಡಬೇಕೆಂದು ಹೇಳಿರಲಿಲ್ಲ. ಆ ತೀರ್ಮಾನದ ಭಾರವನ್ನು ಇವರೊಬ್ಬರೇ ರಾತ್ರಿಯೆಲ್ಲ ಹೊತ್ತಿದ್ದರು.

ಉಸಿರಾಟದ ಅಭ್ಯಾಸ ಹೇಳಿಕೊಟ್ಟೆ, ಮಲಗುವ ಕೋಣೆಯಿಂದ ಆಫೀಸ್ ಫೋನ್ ಹೊರಗಿಡಿ ಎಂದೆ. ಆದರೆ ಪಟ್ಟಿ ಹಾಗೇ ಇದ್ದರೆ ಇದರಿಂದ ಎಷ್ಟು ದಿನ ಉಪಯೋಗ? ‘ಹೈ’ ಅಳಿಸಿ 1, 2, 3 ಎಂದು ಬರೆಯಿರಿ, ಒಂದು ಸಂಖ್ಯೆ ಒಂದೇ ಕೆಲಸಕ್ಕೆ ಎಂದೆ. ಪ್ರತಿ ಸಾಲಿಗೂ ಒಂದೇ ಪ್ರಶ್ನೆ: ಮುಂದಿನ ತಿಂಗಳು ಇದು ಇಲ್ಲದಿದ್ದರೆ ಯಾರಿಗೆ ಏನು ನಷ್ಟ? ಕೆಲಸಗಳನ್ನು ಆಗಲೇಬೇಕು, ಆಗಬೇಕು, ಆಗಬಹುದು, ಈಗ ಬೇಡ ಎಂದು ನಾಲ್ಕಾಗಿ ಬೇರ್ಪಡಿಸುವ ‘ಮಾಸ್ಕೋ’ ವಿಂಗಡಣೆಯಲ್ಲಿ ‘ಆಗಲೇಬೇಕು’ ಎನ್ನುವ ಕೆಲಸಗಳು ಒಟ್ಟು ಶ್ರಮದ ಶೇ 60 ಮೀರಬಾರದು ಎಂಬ ಸೂಚನೆಯನ್ನು ಅವರೇ ನೆನಪಿಸಿಕೊಂಡರು. ಪ್ರಾಡಕ್ಟ್ ಓನರ್ ಸಮಿತಿಯಲ್ಲ, ಒಬ್ಬ ವ್ಯಕ್ತಿ. ಅವರ ತೀರ್ಮಾನವನ್ನು ಇಡೀ ಸಂಸ್ಥೆ ಗೌರವಿಸಬೇಕು ಎಂದು ಸ್ಕ್ರಮ್ ಎಂಬ ತಂಡದ ಕೆಲಸದ ಪದ್ಧತಿಯ ಕೈಪಿಡಿಯಾದ 2020ರ ಸ್ಕ್ರಮ್ ಗೈಡ್ ಹೇಳುತ್ತದೆ. ಅದನ್ನೂ ಓದಿದ್ದರು, ತನಗೂ ಅನ್ವಯಿಸುತ್ತದೆಂದು ಅನಿಸಿರಲಿಲ್ಲ.

ಹೆಚ್ಚು ಹೊತ್ತು ಹಿಡಿದದ್ದು ಮಾತಿನ ಅಭ್ಯಾಸ. ನಾನು ಮ್ಯಾನೇಜರ್ ಆಗಿ "ಇದು ಈ ಸ್ಪ್ರಿಂಟ್‌ಗೇ ಬೇಕು" (ಸ್ಪ್ರಿಂಟ್ ಎಂದರೆ ಕೆಲವು ವಾರಗಳ ಕೆಲಸದ ಸುತ್ತು) ಎನ್ನುವುದು, ಅವರು "ಸೇರಿಸುವ ಸರ್. ಹಾಗಾದ್ರೆ ಇದರಲ್ಲಿ ಯಾವುದನ್ನು ಹೊರಗಿಡುದು?" ಎಂದು ಪಟ್ಟಿ ಮುಂದಿಟ್ಟು ಸುಮ್ಮನಿರುವುದು. ಕೇಳುವುದು ಬೇಗ ಬಂತು. ಸುಮ್ಮನಿರುವುದು ಕಷ್ಟವಾಯಿತು, ಉತ್ತರಕ್ಕೂ ಮುಂಚೆಯೇ "ಪರವಾಗಿಲ್ಲ, ನಾನೇ ನೋಡ್ತೇನೆ" ಎಂದುಬಿಡುತ್ತಿದ್ದರು.

ಮುಂದಿನ ಯೋಜನಾ ಸಭೆಯಲ್ಲಿ ಗ್ರಾಫ್ ಕೆಳಗಿಳಿಯಿತು, ರಶೀದಿ ಮೊದಲಿಗೆ ಬಂತು. ಮ್ಯಾನೇಜರ್ ಮುಖ ಗಂಟಿಕ್ಕಿದರಂತೆ, ಆದರೂ ಆಯ್ಕೆ ಮಾಡಿದ್ದು ಅವರೇ. ನಿದ್ದೆ ಇನ್ನೂ ಪೂರ್ತಿ ಸರಿಹೋಗಿಲ್ಲ. ವೈದ್ಯರನ್ನೂ ಕಾಣಲು ಹೇಳಿದ್ದೇನೆ, ಭೇಟಿಗಳು ಮುಂದುವರಿದಿವೆ.